ಲೀಸ್ ಫೆರಿಯಲ್ಲಿ ಅಪ್ಪ ನೆಟ್ಟ ಕಡ್ಡಿ

ಗುರುವಾರ

"ಅಲ್ಲಿ ಹೊರಹರಿವು ಎಷ್ಟಿದೆ?"

ಅಣೆಕಟ್ಟಿನ ಕೆಳಗೆ ಮೀನು ಹಿಡಿಯಲು ಹೋಗುತ್ತಿದ್ದೇನೆ, ನೀವೂ ಬನ್ನಿ ಎಂದಾಗ ಅಪ್ಪ ಕೇಳಿದ ಮೊದಲ ಪ್ರಶ್ನೆ ಇದು. ಯಾವ ಮೀನು, ಎಷ್ಟು ದೂರ, ಎಲ್ಲಿ ಉಳಿಯುವುದು ಎಂದೆಲ್ಲ ಅವರು ಕೇಳಲಿಲ್ಲ. ವಿಶ್ವೇಶ್ವರಯ್ಯ ನಾಲೆಯ ಮೇಲೆ ಮೂವತ್ತೆರಡು ವರ್ಷ ಎಂಜಿನಿಯರಾಗಿ ದುಡಿದವರು ಅವರು. ಮಂಡ್ಯದ ಮನೆಯಲ್ಲಿ ಇಂದಿಗೂ ಪತ್ರಿಕೆ ಬಂದ ಕೂಡಲೇ ಕೆಆರ್‌ಎಸ್ ಮಟ್ಟ, ಒಳಹರಿವು, ಹೊರಹರಿವು ನೋಡಿಕೊಂಡ ಮೇಲೆಯೇ ಉಳಿದ ಸುದ್ದಿ. ಆರು ತಿಂಗಳು ನಮ್ಮೊಂದಿಗಿರಲು ಫೀನಿಕ್ಸ್‌ಗೆ ಬಂದಿದ್ದ ಅವರಿಗೆ ನಾನು ಮೊಬೈಲಿನಲ್ಲಿ ಕೊಲೊರಾಡೊ ನದಿಯ ಲೀಸ್ ಫೆರಿ ಮಾಪನ ಕೇಂದ್ರದ ರೇಖಾಚಿತ್ರ ತೆರೆದು ತೋರಿಸಿದೆ. ಗರಗಸದ ಹಲ್ಲಿನಂತೆ ದಿನವೂ ಏರಿ ಇಳಿಯುವ ಗೆರೆ. ಅದನ್ನು ನೋಡುತ್ತಲೇ ಕನ್ನಡಕ ಸರಿಮಾಡಿಕೊಂಡು, "ಇದು ಮಳೆ ನೀರಲ್ಲ. ಯಾರೋ ಗೇಟು ಕುಣಿಸುತ್ತಿದ್ದಾರೆ" ಎಂದರು.

ಫೀನಿಕ್ಸ್‌ನಿಂದ ಉತ್ತರಕ್ಕೆ ಸುಮಾರು 430 ಕಿಲೋಮೀಟರ್. ಫ್ಲ್ಯಾಗ್‌ಸ್ಟಾಫ್‌ನ ಪೈನ್ ಮರಗಳು ಮುಗಿದ ಮೇಲೆ ನವಾಹೊ ಬುಡಕಟ್ಟಿನವರ ನೆಲ, ಕೆಂಪು ಮಣ್ಣು, ಗಾಳಿ. ಮಧ್ಯಾಹ್ನದ ಹೊತ್ತಿಗೆ ನವಾಹೊ ಸೇತುವೆಯ ಮೇಲೆ ನಿಂತಿದ್ದೆವು. 1929ರ ಹಳೆಯ ಸೇತುವೆ ಈಗ ನಡೆಯುವವರಿಗೆ, 1995ರ ಹೊಸದು ವಾಹನಗಳಿಗೆ. ಕಂಬಿಗಳ ಕೆಳಗೆ ಎರಡು ಕ್ಯಾಲಿಫೋರ್ನಿಯಾ ಕಾಂಡೋರ್‌ಗಳು ರೆಕ್ಕೆಗೆ ಸಂಖ್ಯೆಯ ಚೀಟಿ ಹೊತ್ತು ಬಿಸಿಲು ಕಾಯುತ್ತಿದ್ದವು. ಅಳಿದೇ ಹೋಗುತ್ತಿದ್ದ ಈ ಹದ್ದುಗಳನ್ನು 1996ರಿಂದ ಪಕ್ಕದ ವರ್ಮಿಲಿಯನ್ ಕ್ಲಿಫ್ಸ್ ಬಂಡೆಗಳಲ್ಲಿ ಬಿಡುತ್ತಾ ಬಂದಿದ್ದಾರೆ. ಅಪ್ಪನ ಕಣ್ಣು ಮಾತ್ರ ಸುಮಾರು 470 ಅಡಿ ಆಳದಲ್ಲಿ ಹರಿಯುವ ನೀರಿನ ಮೇಲಿತ್ತು. "ಕೊಲೊರಾಡೊ ಎಂದರೆ ಕೆಂಪು ಎಂದೆಯಲ್ಲಮ್ಮ. ಇದು ಪಾಚಿಹಸಿರು."

ಕೆಂಪು ಮೇಲುಗಡೆ ಉಳಿದುಹೋಗಿದೆ. 1963ರ ಮಾರ್ಚ್‌ನಲ್ಲಿ ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನ ಬಾಗಿಲು ಮುಚ್ಚಿದ ದಿನದಿಂದ ನದಿಯ ಹೂಳೆಲ್ಲ ಪೊವೆಲ್ ಜಲಾಶಯದ ತಳಕ್ಕೆ ಸೇರುತ್ತಿದೆ. ಹೊರಗೆ ಬರುವುದು ಸೋಸಿದಂಥ ನೀರು. ಆ ಜಲಾಶಯ ತುಂಬಿದರೆ ಸಾವಿರ ಟಿಎಂಸಿಗೂ ಮಿಕ್ಕುತ್ತದೆ, ಅಂದರೆ ನಮ್ಮ 49.45 ಟಿಎಂಸಿಯ ಕೆಆರ್‌ಎಸ್ ಇಪ್ಪತ್ತು ಸೇರಬೇಕು ಎಂದೆ. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ.

ಸಂಜೆ ಲೀಸ್ ಫೆರಿಯ ದಡದಲ್ಲಿ ಡೇರೆ ಹಾಕಿ, ಪುಳಿಯೋಗರೆ ತಿಂದು, ನೀರಿನ ಹತ್ತಿರ ಹೋದೆವು. ದಡದ ಕಲ್ಲುಗಳ ಮೇಲೆ ಎರಡು ಅಡಿ ಅಗಲದ ಒದ್ದೆ ಪಟ್ಟೆ. ಅಪ್ಪ ಅದನ್ನು ಬೆರಳಿನಿಂದ ಮುಟ್ಟಿ ನೋಡಿದರು. "ಇದು ಇವತ್ತೇ ಇಳಿದ ನೀರು." ಪೊದೆಯ ಬುಡದಲ್ಲಿ ಬಿದ್ದಿದ್ದ ಒಣಕಡ್ಡಿಯೊಂದನ್ನು ಹೆಕ್ಕಿ, ನನ್ನ ಮಾರ್ಕರ್ ಪೆನ್ನಿನಿಂದ ಬೆರಳಗಲಕ್ಕೊಂದು ಗೆರೆ ಎಳೆದು, ನೀರಿನಂಚಿನಲ್ಲಿ ನೆಟ್ಟು ಎರಡು ಕಲ್ಲುಗಳನ್ನು ಆಸರೆ ಕೊಟ್ಟರು. ಮಲಗುವ ಮೊದಲು ಟಾರ್ಚ್ ಹಿಡಿದು ಮತ್ತೊಮ್ಮೆ ಹೋಗಿ ಬಂದರು.

ಶುಕ್ರವಾರ

ಈ ನದಿಯಲ್ಲಿ ಹೊತ್ತು ಗೊತ್ತಾಗಬೇಕಾದರೆ ಮೊದಲು ಗಡಿಯಾರ ಸರಿಯಾಗಬೇಕು. ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುವ ಪದ್ಧತಿ ಅರಿಝೋನಾದಲ್ಲಿಲ್ಲ, ನವಾಹೊ ನೆಲದಲ್ಲಿದೆ. ಎರಡರ ಗಡಿಯಲ್ಲಿರುವ ಇಲ್ಲಿ ಮೊಬೈಲು ಒಮ್ಮೆ ಆ ಕಾಲಮಾನ, ಒಮ್ಮೆ ಈ ಕಾಲಮಾನ ತೋರಿಸುತ್ತದೆ. ಕೈಗಡಿಯಾರ ಕಟ್ಟಿಕೊಂಡು ಬನ್ನಿ. ನೀರು ಬಿಡುವ ಪಟ್ಟಿಯನ್ನು ಒಂದು ಗಂಟೆ ತಪ್ಪಾಗಿ ಓದಿದರೆ ಅದರ ಪರಿಣಾಮ ತೊಡೆಮಟ್ಟದ ನೀರಿನಲ್ಲಿ ಗೊತ್ತಾಗುತ್ತದೆ.

ನದಿಯ ಏರಿಳಿತಕ್ಕೆ ಕಾರಣ ಕರೆಂಟು. ಅಣೆಕಟ್ಟಿನ ಎಂಟು ಟರ್ಬೈನುಗಳ ಸಾಮರ್ಥ್ಯ 1,320 ಮೆಗಾವ್ಯಾಟ್. ಅರಿಝೋನಾ, ಯೂಟಾ, ಕೊಲೊರಾಡೊ, ನ್ಯೂ ಮೆಕ್ಸಿಕೋ ಸೇರಿ ಹಲವು ರಾಜ್ಯಗಳ ಪಟ್ಟಣಗಳು, ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳು, ಬುಡಕಟ್ಟು ಸಮುದಾಯಗಳು ಇದನ್ನು ಬಳಸುತ್ತವೆ. ಜನ ಏಳುವ ಹೊತ್ತಿಗೆ ನೀರು ಹೆಚ್ಚು, ಮಲಗಿದ ಮೇಲೆ ಕಡಿಮೆ. ಒಂದು ಕಾಲದಲ್ಲಿ ಒಂದೇ ದಿನದಲ್ಲಿ ಕೆಲವೇ ಸಾವಿರ ಕ್ಯುಸೆಕ್‌ನಿಂದ ಮೂವತ್ತು ಸಾವಿರದವರೆಗೂ ಹಾರಿಸುತ್ತಿದ್ದರು. ಕೆಳಗಿರುವ ಗ್ರ್ಯಾಂಡ್ ಕ್ಯಾನ್ಯನ್‌ನ ಮರಳ ದಂಡೆಗಳು ಕೊಚ್ಚಿಹೋಗುವುದನ್ನು ಕಂಡು 1992ರಲ್ಲಿ ಅಮೆರಿಕದ ಸಂಸತ್ತು ಕಾನೂನು ಮಾಡಿತು. ಈಗಿನ ನಿಯಮದಂತೆ ಹಗಲು 8,000 ಕ್ಯುಸೆಕ್‌ಗಿಂತ, ರಾತ್ರಿ 5,000ಕ್ಕಿಂತ ಕಡಿಮೆ ಬಿಡುವಂತಿಲ್ಲ. ಏರಿಸುವಾಗ ಗಂಟೆಗೆ 4,000, ಇಳಿಸುವಾಗ 2,500 ಮಿತಿ. ಇದನ್ನೆಲ್ಲ ಚಹಾ ಕುಡಿಯುತ್ತಾ ಹೇಳಿದಾಗ ಅಪ್ಪನಿಗೆ ಹೊಸದೇನೂ ಅನ್ನಿಸಲಿಲ್ಲ. ನಾಲೆಗಳಿಗೆ ಸರದಿಯ ಮೇಲೆ ನೀರು ಹರಿಸುವುದನ್ನು ನಮ್ಮ ಕಡೆ ಕಟ್ಟು ಎನ್ನುತ್ತಾರೆ. "ನಮ್ಮದು ಭತ್ತದ ಕಟ್ಟು, ಇದು ಕರೆಂಟಿನ ಕಟ್ಟು" ಎಂದರು.

ಇಲ್ಲಿಂದ ಅಣೆಕಟ್ಟಿಗೆ ಸುಮಾರು 25 ಕಿಲೋಮೀಟರ್. ಅಲ್ಲಿ ಏರಿಸಿದ ನೀರು ಇಲ್ಲಿ ಏರಲು ಮೂರು-ನಾಲ್ಕು ಗಂಟೆ ಬೇಕು. ಹಾಗಾಗಿ ಅಲ್ಲಿ ನಡುರಾತ್ರಿ ತಗ್ಗಿದ ನೀರು ಇಲ್ಲಿ ಬೆಳಗಿನ ಜಾವದ ತಗ್ಗು. ಆರು ಗಂಟೆಗೆ ನಾನು ನೀರಿಗಿಳಿದಾಗ ಮಾಪನ 6,800 ಕ್ಯುಸೆಕ್ ತೋರಿಸುತ್ತಿತ್ತು. ದೋಣಿಯಿಲ್ಲದವರು ನಡೆದೇ ಗಾಳ ಹಾಕಬಹುದಾದ ಭಾಗ ಇದು, ದೋಣಿಕಟ್ಟೆಯಿಂದ ಪರಿಯಾ ನದಿ ಕೂಡುವವರೆಗೆ. ದಡದ ಪಕ್ಕ ಮೊಣಕಾಲುಮಟ್ಟದ ಒಂದು ಕವಲು, ಅದರಾಚೆ ಉರುಟುಗಲ್ಲುಗಳ ಉದ್ದನೆಯ ದಿಣ್ಣೆ. ದಿಣ್ಣೆಯ ತುದಿಯಲ್ಲಿ ಬಿಳಿ ಗೆರೆ ಹಾಯ್ದ ಚಪ್ಪಟೆ ಕಲ್ಲೊಂದು ಚೌಕಿಮಣೆಯಂತೆ ನೀರಿನಿಂದ ಗೇಣುದ್ದ ಮೇಲೆದ್ದಿತ್ತು. ಅದರ ಪಕ್ಕವೇ ಸೆಳವು ನಿಧಾನವಾಗಿ ಆಳಕ್ಕೆ ಜಾರುವ ಜಾಗ. ನಾನು ಹಿಡಿಯಬಂದಿದ್ದ ತಣ್ಣೀರಿನ ಮೀನು ಟ್ರೌಟ್ ನಿಲ್ಲುವುದು ಇಂಥಲ್ಲಿ. ಅದು ಸೆಳವಿನೊಳಗೆ ಈಜಿ ದಣಿಯುವುದಿಲ್ಲ, ಸೆಳವಿನ ಅಂಚಿನಲ್ಲಿ ನಿಂತು ತೇಲಿಬರುವುದನ್ನು ಬಾಯಿಗೆ ಹಾಕಿಕೊಳ್ಳುತ್ತದೆ.

ಫ್ಲೈ ಫಿಶಿಂಗ್‌ನಲ್ಲಿ ಎರೆಹುಳು, ಹಿಟ್ಟಿನ ಉಂಡೆ ಏನೂ ಇಲ್ಲ. ನೂಲು, ಗರಿ, ತಂತಿಗಳನ್ನು ಗಾಳಕ್ಕೆ ಸುತ್ತಿ ಹುಳುವಿನ ರೂಪ ಕಟ್ಟುತ್ತೇವೆ. ಇಲ್ಲಿ ಅಂಥ ಹುಳುಗಳಿಗೆ, ಬೇರೆ ಕೃತಕ ಆಮಿಷಗಳಿಗೆ ಮಾತ್ರ ಅವಕಾಶ, ಗಾಳಕ್ಕೆ ಹಿಂಮುಳ್ಳು ಇರಬಾರದು. ಯಾವ ಹುಳು ಕಟ್ಟಬೇಕೆಂದು ನದಿಯನ್ನೇ ಕೇಳಬೇಕು. ನಾನು ಒಂದು ಕಲ್ಲನ್ನು ಎತ್ತಿ ಮಗುಚಿ ಅಪ್ಪನಿಗೆ ತೋರಿಸಿದೆ. ಹಸಿರು ಪಾಚಿಯ ಜಡೆ, ಅದರೊಳಗೆ ಅಕ್ಕಿನುಚ್ಚಿನಷ್ಟು ಸಣ್ಣ ಕಪ್ಪು-ಬಿಳಿ ಹುಳುಗಳು ಮೈ ತಿರುಚುತ್ತಿದ್ದವು. ಅವು ಮಿಡ್ಜ್ ಎಂಬ ಸೊಳ್ಳೆಯಂಥ ಕೀಟದ ಮರಿಗಳು. ನಡುವೆ ಬಾಗಿದ ಬೆನ್ನಿನ, ಸಿಗಡಿಯ ತುಂಡಿನಂಥ ಎರಡು ಸ್ಕಡ್‌ಗಳು. ಉಳಿದ ಜಾಗವೆಲ್ಲ ಸಾಸಿವೆಯಷ್ಟೇ ಸಣ್ಣ ಕಂದು ಬಸವನಹುಳುಗಳದ್ದು. ಇವು ನ್ಯೂಜಿಲೆಂಡ್ ಮೂಲದವು, 1995ರಲ್ಲಿ ಇಲ್ಲಿ ಮೊದಲು ಕಂಡವು. ಟ್ರೌಟ್ ನುಂಗಿದರೂ ಬಹುಪಾಲು ಜೀರ್ಣವಾಗದೆ ಹೊರಬೀಳುತ್ತವೆ. ಒಂದು ನದಿಯಿಂದ ಇನ್ನೊಂದಕ್ಕೆ ಬೂಟಿನ ಜೊತೆ ಹೋಗಿಬಿಡುತ್ತವೆ, ಅದಕ್ಕೇ ಇಲ್ಲಿಂದ ಹೊರಡುವ ಮುನ್ನ ಬೂಟು ಉಜ್ಜಿ ಒಣಗಿಸುವುದನ್ನು ನಾನು ತಪ್ಪಿಸುವುದಿಲ್ಲ.

ಕೂದಲಿನಷ್ಟು ತೆಳುವಾದ ದಾರಕ್ಕೆ ಒಂದು ಸ್ಕಡ್, ಅದರಿಂದ ಒಂದು ಗೇಣು ಕೆಳಗೆ ಕಪ್ಪು ಮಿಡ್ಜ್, ಮೇಲೆ ಸಣ್ಣ ಬೆಂಡು. ಕೋಲು ಬೀಸಿ, ದಾರ ನೀರಿಗೆ ಬಿದ್ದ ಕೂಡಲೇ ಅದನ್ನು ಎತ್ತಿ ಮೇಲುಗಡೆಗೆ ಹಾಕಬೇಕು, ಇಲ್ಲದಿದ್ದರೆ ಸೆಳವು ದಾರವನ್ನು ಎಳೆದು ಹುಳು ಓಡುತ್ತದೆ. ಓಡುವ ಹುಳುವನ್ನು ಟ್ರೌಟ್ ನಂಬುವುದಿಲ್ಲ. ಎರಡು ಗಂಟೆಯಲ್ಲಿ ಒಂದೇ ಮೀನು, ಅದೂ ಗಾಳ ಬಿಡಿಸಿಕೊಂಡು ಹೋಯಿತು. ಒಂಬತ್ತೂವರೆಗೆ ಬೆಂಡು ಚುರುಕಾಗಿ ಮುಳುಗತೊಡಗಿತು, ಪ್ರತಿ ಬಾರಿಯೂ ಗಾಳಕ್ಕೆ ಸಿಕ್ಕಿದ್ದು ಪಾಚಿ. ನೀರಿನ ಮೇಲೆ ಒಣಕಡ್ಡಿ, ನೊರೆ ತೇಲಿಬರುತ್ತಿದ್ದವು.

"ಎರಡು ಗೆರೆ ಮುಳುಗಿತು. ದಡಕ್ಕೆ ಬಾಮ್ಮ."

ಅಪ್ಪ ಕಡ್ಡಿಯ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತಿದ್ದರು. ಇನ್ನೊಂದೇ ಬೀಸು ಎಂದೆ. ಆ ಒಂದು ಮೂರಾಯಿತು. "ಐದು ಗೆರೆ!" ಎಂಬ ಕೂಗಿಗೆ ತಿರುಗಿ ನೋಡಿದರೆ ಅಪ್ಪ ಎದ್ದು ನಿಂತಿದ್ದರು, ಬಿಳಿ ಗೆರೆಯ ಕಲ್ಲಿನ ಮೇಲೆ ನೀರು ಹಾಯುತ್ತಿತ್ತು. ಬರುವಾಗ ಮೊಣಕಾಲು ಮುಟ್ಟಿದ್ದ ಕವಲು ಹಿಂದಿರುಗುವಾಗ ಸೊಂಟಕ್ಕೆ ಬಂತು. ಕಾಲಡಿಯ ಕಲ್ಲುಗಳು ಉರುಳುತ್ತಿರುವುದು ಅಂಗಾಲಿಗೆ ತಿಳಿಯುತ್ತಿತ್ತು. ಸೆಳವಿಗೆ ಎದುರಾಗದೆ, ಅಡ್ಡಡ್ಡ ಸರಿಯುತ್ತಾ, ಒಂದು ಕಾಲು ಊರಿದ ಮೇಲೆ ಇನ್ನೊಂದು. ದಡ ಹತ್ತಿದಾಗ ಅಪ್ಪ ಬೈಯಲಿಲ್ಲ. ನನ್ನ ತೋಳನ್ನು ಹಿಡಿದುಕೊಂಡರು, ಸ್ವಲ್ಪ ಹೊತ್ತು ಬಿಡಲಿಲ್ಲ.

ಏರುವ ನೀರು ದಿಣ್ಣೆಯನ್ನು ಕಿತ್ತುಕೊಂಡರೂ ಇನ್ನೊಂದನ್ನು ಕೊಡುತ್ತದೆ. ಒಣಗಿದ್ದ ಅಂಚಿನಿಂದ ಹುಳುಹುಪ್ಪಟೆಗಳನ್ನು ಕೆದಕಿ ತೇಲಿಸುತ್ತದೆ, ಟ್ರೌಟ್‌ಗಳು ನಡುನೀರು ಬಿಟ್ಟು ದಡಕ್ಕೆ ಬರುತ್ತವೆ. ಹನ್ನೊಂದರ ಹೊತ್ತಿಗೆ ದಡದ ಮೇಲೆಯೇ ಬಗ್ಗಿ ನಿಂತು, ಕೆಂಪು ಉಣ್ಣೆಯ ಹುಳುವನ್ನು ಮೂರು ಅಡಿ ದೂರದಲ್ಲಿ ಇಳಿಬಿಟ್ಟೆ. ಬೆಂಡು ನಿಂತಿತು. ಕೋಲು ಎತ್ತಿದರೆ ಬಿಲ್ಲಿನಂತೆ ಬಾಗಿತು, ರೀಲ್ ಕಿರುಗುಟ್ಟಿತು. ಹದಿಮೂರು ಅಂಗುಲದ ರೇನ್‌ಬೋ ಟ್ರೌಟ್. ಬೆನ್ನು ನೀರಿನದೇ ಹಸಿರು, ಕರಿ ಎಳ್ಳು ಚೆಲ್ಲಿದಂತೆ ಚುಕ್ಕೆಗಳು, ಪಕ್ಕೆಯುದ್ದಕ್ಕೂ ಕುಂಕುಮ ಒರೆಸಿದಂಥ ಪಟ್ಟೆ. ಕೈ ಒದ್ದೆ ಮಾಡಿಕೊಂಡು, ನೀರಿನಿಂದ ಎತ್ತದೆಯೇ ಗಾಳ ತೆಗೆದು, ತಲೆ ಮೇಲುಹರಿವಿಗೆ ಮಾಡಿ ಹಿಡಿದೆ. ಕಿವಿರು ನಾಲ್ಕು ಬಾರಿ ತೆರೆದು ಮುಚ್ಚಿ, ಬಾಲ ಬಡಿದು ಹೋಯಿತು.

"ಬಿಡುವುದಾದರೆ ಹಿಡಿಯುವುದೇಕೆ?" ಅಪ್ಪ ನಿಜಕ್ಕೂ ತಿಳಿದುಕೊಳ್ಳಲು ಕೇಳಿದರು. ಹಿಡಿಯಬೇಕಾದರೆ ನೀರಿನ ಪ್ರತಿ ಅಡಿಯನ್ನೂ ನೋಡಬೇಕಾಗುತ್ತದೆ, ಬೇರೆ ಯಾವ ಕೆಲಸವೂ ನನ್ನನ್ನು ಇಷ್ಟು ನೋಡುವಂತೆ ಮಾಡಿಲ್ಲ ಎಂದೆ. ಅವರು ತಲೆಯಾಡಿಸಿ ಕಡ್ಡಿಯ ಕಡೆ ಹೋದರು.

ಶನಿವಾರ

ಸ್ಥಳೀಯ ಮಾರ್ಗದರ್ಶಿಯೊಬ್ಬರ ಮೋಟಾರು ದೋಣಿಯಲ್ಲಿ ಮೇಲುಗಡೆಗೆ ಹೊರಟೆವು. ಎರಡೂ ಕಡೆ ಕೆಂಪು ಮರಳುಗಲ್ಲಿನ ಗೋಡೆ, ನಡುವೆ ಗಾಜಿನಂಥ ನೀರು. ಹಾರ್ಸ್‌ಶೂ ಬೆಂಡ್‌ನ ತಿರುವಿನಲ್ಲಿ ತಲೆಯೆತ್ತಿದರೆ ಸಾವಿರ ಅಡಿ ಮೇಲೆ ಫೋಟೊ ತೆಗೆಯುವವರು ಇರುವೆಸಾಲು. ಮುಂದೆ ಒಂದು ಬಂಡೆಯ ಮೇಲೆ ಪ್ರಾಚೀನರು ಕೆತ್ತಿದ ಕಾಡುಕುರಿಗಳ ಹಿಂಡು ಇಳಿಜಾರಿನಲ್ಲಿ ಇಳಿದುಬರುತ್ತಿದೆ. ಕೊನೆಯ ತಿರುವು ಕಳೆದಾಗ ಅಣೆಕಟ್ಟು. ತಳಪಾಯದಿಂದ 710 ಅಡಿ. ಅಪ್ಪ ಕೈಮುಗಿದರು. ಕನ್ನಂಬಾಡಿ ಕಟ್ಟೆಯ ಮುಂದೆಯೂ ಅವರು ಹಾಗೇ ಮಾಡುತ್ತಾರೆ.

ಇಲ್ಲಿ ಟ್ರೌಟ್ ಇರುವುದೇ ಅಣೆಕಟ್ಟಿನ ದೆಸೆಯಿಂದ. ಅದು ಈ ಕಣಿವೆಯ ಮೀನಲ್ಲ, 1964ರಲ್ಲಿ ತಂದು ಬಿಟ್ಟದ್ದು. ಟರ್ಬೈನಿಗೆ ನೀರು ಒಯ್ಯುವ ಕೊಳವೆಗಳ ಬಾಯಿ ತುಂಬಿದ ಜಲಾಶಯದ ಮೇಲ್ಮೈಗಿಂತ 230 ಅಡಿ ಕೆಳಗಿದೆ, ಬಿಸಿಲು ಕಾಣದ ಆಳದ ತಣ್ಣೀರು ಹನ್ನೆರಡು ತಿಂಗಳೂ ಹೊರಬರುತ್ತಿತ್ತು. ಆದರೆ ಬರಗಾಲದ ಮೇಲೆ ಬರಗಾಲ ಬಿದ್ದು, 2023ರ ಆರಂಭದಲ್ಲಿ ಜಲಾಶಯ ತುಂಬಿದ ಮಟ್ಟಕ್ಕಿಂತ ಸುಮಾರು 180 ಅಡಿ ಇಳಿಯಿತು. ಮೇಲ್ಪದರದ ಬಿಸಿ ನೀರು ಕೊಳವೆಯ ಬಾಯಿಗೆ ಹತ್ತಿರವಾಯಿತು. ನದಿ ಬೆಚ್ಚಗಾಗಿ, ನೀರಿನಲ್ಲಿ ಆಮ್ಲಜನಕ ತಗ್ಗಿ ಟ್ರೌಟ್ ಸೊರಗಿದವು. 2022ರ ಬೇಸಿಗೆಯಲ್ಲಿ ಅಣೆಕಟ್ಟಿನ ಕೆಳಗೆ ಸ್ಮಾಲ್‌ಮೌತ್ ಬಾಸ್ ಎಂಬ ಹೊಟ್ಟೆಬಾಕ ಮೀನಿನ ಮರಿಗಳು ಸಿಕ್ಕವು. ಅವು ಕೆಳಗೆ ಇಳಿದರೆ ಗ್ರ್ಯಾಂಡ್ ಕ್ಯಾನ್ಯನ್‌ನ ಮೂಲನಿವಾಸಿ ಹಂಪ್‌ಬ್ಯಾಕ್ ಚಬ್‌ಗೆ ಆಪತ್ತು. 2024ರಲ್ಲಿ ವಿದ್ಯುತ್ತನ್ನು ಬಿಟ್ಟುಕೊಟ್ಟು, ಟರ್ಬೈನ್ ತಪ್ಪಿಸಿ, ಇನ್ನೂ ಆಳದ ತೂಬುಗಳಿಂದ ತಣ್ಣೀರು ಬೆರೆಸಿ ನದಿಯನ್ನು ತಂಪಾಗಿಟ್ಟರು.

ಹಂಪ್‌ಬ್ಯಾಕ್ ಚಬ್ ಎಂದರೆ ಗೂನುಬೆನ್ನಿನ ಮೀನು. ಹೆಸರು ಕೇಳಿ ನನಗೆ ನಮ್ಮ ಕಾವೇರಿಯ ಗೂನುಬೆನ್ನಿನ ಮಹಶೀರ್ ನೆನಪಾಗದೆ ಇರಲಿಲ್ಲ. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಗಳಿಗೆ ಜಗತ್ತಿನ ಗಾಳಗಾರರು ಅದಕ್ಕಾಗಿ ಬರುತ್ತಿದ್ದರು, ಹಿಡಿದು ಬಿಡುತ್ತಿದ್ದರು. ಆಗೆಲ್ಲ ಅದಕ್ಕೆ ಸರಿಯಾದ ವೈಜ್ಞಾನಿಕ ಹೆಸರೂ ಇರಲಿಲ್ಲ. 2018ರಲ್ಲಿ ಟಾರ್ ರೆಮದೇವಿ ಎಂದು ಗುರುತಿಸಿದ ವರ್ಷವೇ ಅದು ಅಳಿವಿನ ಅಂಚಿನ ಪಟ್ಟಿ ಸೇರಿತು. ಹೊರಗಿನಿಂದ ತಂದು ಬಿಟ್ಟ ನೀಲಿರೆಕ್ಕೆಯ ಮಹಶೀರ್ ಅದರ ಜಾಗ ಹಿಡಿದದ್ದು ಒಂದು ಕಾರಣ. "ಮುತ್ತತ್ತಿಯಲ್ಲಿ ನಾನು ಚಿಕ್ಕವನಿದ್ದಾಗ ಬಿಳಿಮೀನು ಎನ್ನುತ್ತಿದ್ದೆವು. ಹುರಿಗಡಲೆ ಎಸೆದರೆ ತೊಡೆಗಾತ್ರದವು ಮೇಲೆ ಬರುತ್ತಿದ್ದವು" ಎಂದ ಅಪ್ಪ, ಸ್ವಲ್ಪ ತಡೆದು, "ಮೂವತ್ತೆರಡು ವರ್ಷ ನೀರು ಏರಿಸಿದೆ, ಇಳಿಸಿದೆ. ಮೀನು ಏನು ಮಾಡುತ್ತದೆ ಎಂದು ಒಬ್ಬರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ" ಎಂದರು.

ನಾಲ್ಕನೇ ಮೈಲಿಯ ದಿಣ್ಣೆಯಲ್ಲಿ ಇಳಿದೆವು. ರಜೆಯ ದಿನ ಕಚೇರಿಗಳು ಮುಚ್ಚಿರುತ್ತವೆ, ಕರೆಂಟಿನ ಬೇಡಿಕೆ ಕಡಿಮೆ, ನೀರು ಅಷ್ಟಾಗಿ ಏರುವುದಿಲ್ಲ. ಮಾರ್ಗದರ್ಶಿ ದಡದ ಕಲ್ಲೊಂದನ್ನು ತೋರಿಸಿದರು. ಹಿಂದಿನ ದಿನದ ಒದ್ದೆ ಒಣಗಿ ಬೂದು ಬಣ್ಣಕ್ಕೆ ತಿರುಗಿದ ಪಟ್ಟೆ, ಅದರ ಮೇಲೆ ಮುಟ್ಟಿದರೆ ಪುಡಿಯಾಗುವ ಪೊರೆ. ಒಂದು ಸ್ಕಡ್ ಅಲ್ಲೇ ಬಾಗಿ ಒಣಗಿತ್ತು. ಈ ನದಿಯ ಬಡತನದ ಗುಟ್ಟು ಈ ಪಟ್ಟೆಯಲ್ಲಿದೆ. ನೀರಹುಳುಗಳು ಸಂಜೆ ದಡದಂಚಿನ ಕಲ್ಲುಗಳಿಗೆ ಮೊಟ್ಟೆ ಅಂಟಿಸುತ್ತವೆ. ಸಂಜೆ ನೀರು ಮೇಲಿದ್ದು ರಾತ್ರಿ ಇಳಿದರೆ ಮೊಟ್ಟೆಗಳು ಗಾಳಿಗೆ ತೆರೆದುಕೊಂಡು ಒಣಗಿ ಸಾಯುತ್ತವೆ. ಬೇರೆ ನದಿಗಳಲ್ಲಿ ಟ್ರೌಟ್‌ಗೆ ಹಬ್ಬದೂಟವಾದ ಮೇಫ್ಲೈ, ಸ್ಟೋನ್‌ಫ್ಲೈ, ಕ್ಯಾಡಿಸ್ ಎಂಬ ನೀರಹುಳುಗಳು ಇಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ರಾಫ್ಟಿಂಗ್ ಮಾಡಿಸುವವರು ರಾತ್ರಿಯ ತಂಗುದಾಣಗಳಲ್ಲಿ ದೀಪವಿಟ್ಟು ಕೀಟ ಸಂಗ್ರಹಿಸಿ ವಿಜ್ಞಾನಿಗಳಿಗೆ ಕೊಟ್ಟರು. ಮುಸ್ಸಂಜೆಯಲ್ಲಿ ನೀರು ತಗ್ಗಿರುವ ಜಾಗಗಳಲ್ಲಿ ಮಿಡ್ಜ್ ಹೆಚ್ಚು ಎಂದು ತಿಳಿದದ್ದು ಹಾಗೆ. 2018ರಿಂದ ಕೆಲವು ವರ್ಷ, ಮೇ ತಿಂಗಳಿನಿಂದ ಆಗಸ್ಟ್‌ವರೆಗೆ, ಶನಿವಾರ ಭಾನುವಾರ ನೀರನ್ನು ತಗ್ಗಿನಲ್ಲೇ ಸ್ಥಿರವಾಗಿ ಹರಿಸಿ ನೋಡಿದರು. ಒಟ್ಟು ನೀರು ಅಷ್ಟೇ, ಹಂಚಿಕೆ ಮಾತ್ರ ಬೇರೆ.

"ಎರಡು ದಿನ ಅಲುಗಾಡಿಸದೆ ಬಿಡುವುದು" ಎಂದು ಅಪ್ಪ ತಮಗೇ ಹೇಳಿಕೊಂಡರು. ಜೇಬಿನ ಪುಸ್ತಕ ತೆಗೆದು ಏನೋ ಬರೆದುಕೊಂಡರು.

ಆ ದಿನ ಏಳು ಮೀನು. ಹಿಂದಿನ ದಿನ ಇಲ್ಲದ ತಾಳ್ಮೆ ನೀರಿಗೂ ಬಂದಿತ್ತು, ನನಗೂ ಬಂದಿತ್ತು. ಸಂಜೆ ಮಿಡ್ಜ್‌ಗಳು ಹೊಗೆಯಂತೆ ಎದ್ದಾಗ ಟ್ರೌಟ್‌ಗಳು ಮೇಲ್ಮೈಗೆ ಮೂತಿ ತಾಗಿಸಿ ಸಣ್ಣ ಉಂಗುರಗಳನ್ನು ಬಿಡಿಸಿದವು. ಬೆಂಡು ಬಿಚ್ಚಿ ತೇಲುವ ಹುಳು ಕಟ್ಟಿದೆ. ಮೂತಿ ಮೇಲೆ ಬಂದು ಹುಳು ಮಾಯವಾಗುವುದನ್ನು ಕಣ್ಣಾರೆ ಕಾಣುವ ಆ ಕ್ಷಣಕ್ಕಾಗಿ ನಾನು ಎಷ್ಟು ದೂರ ಬೇಕಾದರೂ ಬರುತ್ತೇನೆ.

ಭಾನುವಾರ

ಹೊರಡುವ ದಿನ. ಬೆಳಿಗ್ಗೆ ಪರಿಯಾ ನದಿ ಕೂಡುವಲ್ಲಿಗೆ ನಡೆದೆವು. ಕೆನೆಗೆಂಪು ಕೆಸರುನೀರಿನ ಸಣ್ಣ ತೊರೆ ಹಸಿರು ನೀರಿಗೆ ಇಳಿದು, ಬೆರೆಯಲು ಒಲ್ಲದೆ ದಡ ಹಿಡಿದು ಬಹುದೂರ ಬೇರೆಯಾಗಿಯೇ ಹರಿಯುತ್ತದೆ. ಇಲ್ಲಿಂದ ಒಂದು ಮೈಲಿ ಕೆಳಗೆ ಇಡೀ ಕೊಲೊರಾಡೊ ಕಣಿವೆಯನ್ನು ಎರಡಾಗಿಸುವ ಬಿಂದುವಿದೆ. 1922ರ ಒಪ್ಪಂದದ ಪ್ರಕಾರ ಮೇಲಿನ ರಾಜ್ಯಗಳು ಯಾವುದೇ ಹತ್ತು ವರ್ಷಗಳ ಅವಧಿಯಲ್ಲಿ ಇಲ್ಲಿ ದಾಟುವ ನೀರನ್ನು 7.5 ಕೋಟಿ ಎಕರೆ-ಅಡಿಗಿಂತ ಕೆಳಗಿಳಿಸುವಂತಿಲ್ಲ, ನಮ್ಮ ಲೆಕ್ಕದಲ್ಲಿ ವರ್ಷಕ್ಕೆ ಸರಾಸರಿ 327 ಟಿಎಂಸಿ.

"ಬಿಳಿಗುಂಡ್ಲು!" ಎಂದರು ಅಪ್ಪ. ತಮಿಳುನಾಡಿಗೆ ಹರಿಯುವ 177.25 ಟಿಎಂಸಿಯನ್ನು ಅಳೆಯುವ ಆ ಜಾಗದ ಹೆಸರು ಹೇಳುವಾಗ ಅವರ ಮುಖ ಊರಿನವರನ್ನು ಕಂಡಂತಾಗಿತ್ತು. ಕೆಳಗಿನವರಿಗೆ ಎಷ್ಟು ಎಂಬುದಕ್ಕೆ ಅಲ್ಲಿಯೂ ಇಲ್ಲಿಯೂ ಒಪ್ಪಂದ, ನ್ಯಾಯಾಲಯ, ಮಾಪನ ಎಲ್ಲ ಇದೆ. ದಿನದ ಯಾವ ಹೊತ್ತಿಗೆ, ಯಾವ ವೇಗದಲ್ಲಿ ಎಂಬುದನ್ನೂ ಇಲ್ಲಿ ಬರೆದಿಟ್ಟಿದ್ದಾರೆ. ಕಾವೇರಿಗೂ ಅದನ್ನು ಬರೆಯುವ ದಿನ ಬರಬೇಕೆಂದು ನಾನು ಮನಸಾರೆ ಬಯಸುತ್ತೇನೆ.

ಡೇರೆ ಮಡಚಿ, ಬೂಟು ಉಜ್ಜಿ ಒಣಗಿಸಿ, ಕೊನೆಗೆ ಕಡ್ಡಿಯ ಬಳಿ ಹೋದೆವು. ಅಪ್ಪ ಅದನ್ನು ಕೀಳಲಿಲ್ಲ, ಬುಡದ ಕಲ್ಲುಗಳನ್ನು ಇನ್ನಷ್ಟು ಒತ್ತಿ ಬಿಗಿ ಮಾಡಿದರು.

ಫೀನಿಕ್ಸ್ ತಲುಪಿದಾಗ ಕತ್ತಲಾಗಿತ್ತು. ಊಟದ ನಂತರ ಅಪ್ಪ ಸೋಫಾದ ಮೇಲೆ ಕಾಲು ಚಾಚಿ ಕೇಳಿದರು:

"ಈಗ ಎಷ್ಟಿದೆ?"

ಮೊಬೈಲ್ ತೆರೆದು ನೋಡಿದೆ. "6,900."

"ಹಾಗಾದರೆ ಬಿಳಿ ಗೆರೆಯ ಕಲ್ಲು ಕಾಣುತ್ತಿರುತ್ತದೆ" ಎಂದು ಅವರು ದೀಪ ಆರಿಸಲು ಎದ್ದರು.